ಅಪ್ಪ ಬೇಡ ಅನ್ನಲಿಲ್ಲ

ಮದುವೆಯಾದಾಗ ನಮ್ಮ ಮನೆಯವರಿಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಮಕ್ಕಳು ಮಾತು ಕಲಿತ ಮೇಲೆ ಕಿವುಡರಾದರು. ಗಾಬರಿಯಾಗಬೇಡಿ, ಅದು ಕಾಯಿಲೆಯಲ್ಲ, ಪ್ರತಿಜ್ಞೆ! ಮನೆಯಲ್ಲಿ ಮಕ್ಕಳು ಮಲಯಾಳದಲ್ಲಿ ಮಾತಾಡಿದರೆ ತಮಗೆ ಕೇಳಿಸುವುದಿಲ್ಲ ಎಂದು ಒಂದು ದಿನ ಊಟದ ಹೊತ್ತಿಗೆ ಸಾರಿದರು. ಅಂದಿನಿಂದ ಕೇಳಿಸಲೇ ಇಲ್ಲ.

ನಾವು ಮೈಸೂರಿನವರು. ಬಾಹ್ಯಾಕಾಶ ಸಂಸ್ಥೆಯ ಕೆಲಸ ಇವರನ್ನು ತಿರುವನಂತಪುರಕ್ಕೆ ತಂದಿತ್ತು. ಆಫೀಸಿನಲ್ಲಿ ಇಂಗ್ಲಿಷ್, ತರಕಾರಿ ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು ಸೊಗಸಾದ ಮಲಯಾಳ. ಪಕ್ಕದ ಮನೆಯ ಅಕ್ಕ, ಅಲ್ಲಿಯವರ ಮಾತಿನಲ್ಲಿ ಚೇಚಿ, ಗೋಡೆಯಾಚೆ ಪಿಸುಗುಟ್ಟಿದರೂ ಇವರಿಗೆ ಕೇಳಿಸೀತು. ಹೆತ್ತ ಮಕ್ಕಳು ಬಗಲಲ್ಲೇ ನಿಂತು ಮಲಯಾಳದಲ್ಲಿ ಅಪ್ಪನನ್ನು 'ಅಚ್ಛಾ' ಎಂದು ಕೂಗಿದರೆ ಮಾತ್ರ ಪೇಪರಿನ ಪುಟ ತಿರುವುತ್ತಿದ್ದರು. ಹಟದಲ್ಲಿ ಇವರನ್ನು ಮೀರಿಸಿದವರನ್ನು ನಾನು ಕಂಡಿಲ್ಲ, ಕನ್ನಡಿ ನೋಡಿಕೊಂಡಾಗ ಬಿಟ್ಟು.

ಒಂದು ಬೆಳಿಗ್ಗೆ ತಾರಸಿಯ ಟ್ಯಾಂಕು ತುಂಬಿ ಹರಿಯುತ್ತಿದೆಯೆಂದು ಮಗ ಮಲಯಾಳದಲ್ಲಿ ಬೊಬ್ಬೆ ಹೊಡೆದ. ಸ್ವಿಚ್ಚು ಅವನ ಕೈಗೆ ಎಟುಕುತ್ತಿರಲಿಲ್ಲ. ಇವರು ವರಾಂಡದಲ್ಲಿ ಕುಳಿತು ಸಂಪಾದಕೀಯ ಓದುತ್ತಲೇ ಇದ್ದರು. ನೀರು ಮೆಟ್ಟಿಲಿಳಿದು ಬಂದು ಇವರ ಪಾದ ತೊಳೆಯಿತು. ಆಗ ಎದ್ದು, ಕನ್ನಡದಲ್ಲಿ ಹೇಳಿದ್ದರೆ ಮೊದಲೇ ಮೋಟರ್ ನಿಲ್ಲಿಸುತ್ತಿದ್ದೆ ಎಂದು ಪಾಠ ಹೇಳಿದರು. ಮಗ ತಣ್ಣಗೆ, "ಸರಿ, ಈಗ ಕನ್ನಡದಲ್ಲೇ ಹೇಳ್ತೀನಿ ಅಪ್ಪ. ನಿಮ್ಮ ಚಪ್ಪಲಿ ಗೇಟ್ ದಾಟಿ ಹೋಯ್ತು," ಅಂದ.

ಮಗಳು ಇನ್ನೂ ಚಾಲಾಕಿ. ಶಾಲೆಯ ಪ್ರವಾಸಕ್ಕೆ ಅಪ್ಪ ಒಪ್ಪುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎದುರಿಗೇ ನಿಂತು ಮಲಯಾಳದಲ್ಲಿ ಅನುಮತಿ ಕೇಳಿದಳು. ಇವರು ಎಂದಿನಂತೆ ಕಲ್ಲು. ಮರುದಿನ ಚೀಲ ಹಿಡಿದು ಹೊರಟವಳನ್ನು ತಡೆದರೆ, "ನಾನು ಕೇಳ್ದೆ, ಅಪ್ಪ ಬೇಡ ಅನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಅಪ್ಪನೇ ಹೇಳಿಕೊಟ್ಟಿದ್ದಲ್ವಾ?" ಎನ್ನಬೇಕೆ! ಕೇಳಿಸಲಿಲ್ಲ ಎಂದರೆ ಸುಳ್ಳು, ಅದು ಇವರ ಜಾಯಮಾನವಲ್ಲ. ಕೇಳಿಸಿತು ಎಂದರೆ ಪ್ರತಿಜ್ಞೆಯೇ ಹೋಯಿತು. ಕೊನೆಗೆ ಬಸ್ಸಿನವರೆಗೆ ಅವಳ ಚೀಲ ಹೊತ್ತರು.

ಇಬ್ಬರೂ ದೊಡ್ಡವರಾಗಿ ಕೊಚ್ಚಿಯಲ್ಲಿ ಕೆಲಸಕ್ಕೆ ಸೇರಿದರು. ಎಡಪ್ಪಳ್ಳಿಯಲ್ಲೊಂದು ಬಾಡಿಗೆ ಫ್ಲ್ಯಾಟು ಹಿಡಿದರು. ಇವು ಮನೆ ನಡೆಸುವುದುಂಟೇ ಎಂದು ತಪ್ಪು ಹುಡುಕುವ ಉತ್ಸಾಹದಲ್ಲಿ ಇವರು ನನ್ನನ್ನೂ ರೈಲು ಹತ್ತಿಸಿದರು. ಹೋಗಿ ನೋಡಿದರೆ, ಉಂಡ ತಟ್ಟೆ ಎತ್ತದ ಮಗ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಹಾಕುತ್ತಿದ್ದಾನೆ! ಮಾತು ಮಾತಿಗೆ ಬಾಗಿಲು ಬಡಿಯುತ್ತಿದ್ದ ಮಗಳು ನನ್ನ ಬಿಪಿ ಮಾತ್ರೆ ವಿಚಾರಿಸುತ್ತಿದ್ದಾಳೆ. ಇವರು ಫ್ರಿಜ್ಜಿನ ಹಿಂದೆಯೂ ಇಣುಕಿ, ಧೂಳು ಸಿಗದೆ ಸಪ್ಪಗಾದರು.

ಊಟಕ್ಕೆ ಕುಳಿತಾಗ ಮಗಳು ಹಿಂದಿನಿಂದ ಬಂದು ಇನ್ನೊಂದು ಸೌಟು ಸಾರು ಹಾಕಲೇ ಎಂದು ಕೇಳಿದಳು. ಉತ್ತರವಿಲ್ಲ. ಮತ್ತೆ ಕೇಳಿದಳು. ಇವರು ಅನ್ನ ಕಲಸುತ್ತಲೇ ಇದ್ದರು. ನಿಮ್ಮಪ್ಪನ ಹಟ ಇದ್ದದ್ದೇ, ಬಿಡು ಎಂದು ನಾನು ನಕ್ಕೆ. ಅವಳು ನಗಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ಅಮ್ಮ, ನಾನು ಕೇಳಿದ್ದು ಕನ್ನಡದಲ್ಲಿ."

ಎರಡೂ ಭಾಷೆಗೆ ಪಳಗಿದ ನಾನು ಅದನ್ನು ಗಮನಿಸಿರಲೇ ಇಲ್ಲ. ನಾಟಕದ ಕಿವುಡು ನಿಜವಾದದ್ದು ಯಾವಾಗ? ದಿನವೂ ಜೊತೆಗಿದ್ದ ನನಗೆ ತಿಳಿಯದ್ದು, ಅಪರೂಪಕ್ಕೆ ನೋಡುವ ಮಗಳಿಗೆ ತಿಳಿದಿತ್ತು.

ನಾನು ಡಾಕ್ಟರ ಮಾತೆತ್ತಿದೆ. ನನ್ನ ಕಿವಿಗೇನೂ ಆಗಿಲ್ಲ, ನೀವೆಲ್ಲ ಬಾಯೊಳಗೇ ಗೊಣಗುತ್ತೀರಿ ಎಂದು ಇವರು ಸಿಡುಕಿದರು. ಹಳೆಯ ಮಗಳಾಗಿದ್ದರೆ ರಂಪ ಮಾಡುತ್ತಿದ್ದಳು. ಈ ಮಗಳು ಟಿವಿ ನೋಡುತ್ತಿದ್ದ ಅಪ್ಪನ ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, ಅಚ್ಚ ಕನ್ನಡದಲ್ಲಿ, ನಾಳೆ ಕಿವಿ ತೋರಿಸಿಕೊಂಡು ಬರೋಣವೇ ಎಂದು ಕೇಳಿ ಸುಮ್ಮನೆ ಒಳಗೆ ಹೋದಳು. ಬೆಳಿಗ್ಗೆ ಬಾಗಿಲಲ್ಲಿ ಆಟೋ!

ಇವರು ಕಣ್ಣು ಕಣ್ಣು ಬಿಟ್ಟರು. ಅವಳು ಇವರ ಮುಖದೆದುರು ನಿಂತು, "ನಾನು ನಿನ್ನೆ ಕೇಳ್ದೆ, ಅಪ್ಪ ಬೇಡ ಅನ್ನಲಿಲ್ಲ," ಅಂದಳು.

ಕೇಳಿಸಿತ್ತು ಎಂದರೆ ಸುಳ್ಳು. ಕೇಳಿಸಲಿಲ್ಲ ಎಂದರೆ ಕಿವಿ ಹೋದದ್ದನ್ನು ಒಪ್ಪಿಕೊಂಡಂತೆ. ಇವರು ಚಪ್ಪಲಿ ಮೆಟ್ಟಿಕೊಂಡರು. ಈ ಸಲ ಚೀಲ ಹೊತ್ತವಳು ಅವಳು.

ಪರೀಕ್ಷೆಯೆಲ್ಲ ಮುಗಿದು ಕಿವಿಗೊಂದು ಪುಟ್ಟ ಯಂತ್ರ ಕೂತ ದಿನ, ಇವರು ಮುಖ ಗಂಟಿಕ್ಕಿಕೊಂಡು ಸೋಫಾ ಹಿಡಿದರು. ಮಗಳು ಆಚೆ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತ, ಅಪ್ಪ ಪಾಪ, ತುಂಬಾ ಹೆದರಿರಬೇಕು ಎಂದು ತಮ್ಮನಿಗೆ ಸಣ್ಣಗೆ ಹೇಳಿದಳು. ಅಭ್ಯಾಸಬಲ, ಹೇಳಿದ್ದು ಮಲಯಾಳದಲ್ಲಿ.

"ಪೇಡಿಚ್ಚು, ಮೋಳೇ," ಅಂದರು ಇವರು.

ಹೆದರಿದ್ದೆ, ಮಗಳೇ. ಹೆತ್ತ ಮಕ್ಕಳಿಗೆ ಇವರು ಆಡಿದ ಮೊದಲ ಮಲಯಾಳದ ಮಾತು ಅದು. ನಿಮ್ಮಿಬ್ಬರ ದನಿ ಇನ್ನು ಕೇಳಿಸುವುದೇ ಇಲ್ಲವೇನೋ ಎಂದು ಹೆದರಿದ್ದೆ ಎಂಬುದನ್ನೂ ಅದೇ ಭಾಷೆಯಲ್ಲಿ ಹೇಳಿದರು. ಅಂದರೆ ಕಿವಿ ಮಂದವಾಗುತ್ತಿರುವುದು ಇವರಿಗೆ ಗೊತ್ತಿತ್ತು. ಎಷ್ಟು ದಿನದಿಂದ ಒಬ್ಬರೇ ಹೆದರಿಕೊಂಡಿದ್ದರೋ! ನನಗೆ ಅಳು ತಡೆಯಲಾಗಲಿಲ್ಲ.

ಮಗಳು ಅರ್ಧ ಮಡಚಿದ ಬಟ್ಟೆಯನ್ನು ಕೈಯಲ್ಲೇ ಹಿಡಿದು ಬಂದು ಪಕ್ಕದಲ್ಲಿ ಕುಳಿತಳು. ಕೇಳಿಸ್ತಾ ಅಪ್ಪ, ಮಲಯಾಳನೂ ಕೇಳಿಸ್ತಾ ಎಂದು ಅಳುತ್ತ ನಗುತ್ತ ಕೇಳಿದಳು.

ಇವರು ಅವಳ ತಲೆ ಸವರಿದರು. "ಯಾವ ಭಾಷೇಲಾದ್ರೂ ಸರಿ ಪುಟ್ಟಿ, ಮಾತಾಡ್ತಾ ಇರಿ," ಅಂದರು.