ನನ್ನ ಬುತ್ತಿಯಿಂದ ಇಳಿದ ಊರವರ ಸಕ್ಕರೆ

ಪಥ್ಯ ಮಾಡುವುದು ಕಷ್ಟವಲ್ಲ. ನಾಲ್ಕು ಜನರ ನಡುವೆ ಕುಳಿತು ಮಾಡುವುದು ಕಷ್ಟ. ಋಷಿಗಳು ಕಾಡಿನಲ್ಲಿ ಗೆಡ್ಡೆಗೆಣಸು ತಿಂದು ಬದುಕಿದ್ದರಲ್ಲಿ ನನಗೇನೂ ಹೆಚ್ಚಿನ ಸಾಧನೆ ಕಾಣುವುದಿಲ್ಲ. ಕರಿದದ್ದನ್ನು ಮೂಗಿನ ಮುಂದೆ ಹಿಡಿದು "ಒಂದೇ ಒಂದು" ಎನ್ನುವ ಸಹೋದ್ಯೋಗಿಗಳು ಅವರಿಗಿದ್ದರೇ?

ರಕ್ತದಲ್ಲಿ ಸಕ್ಕರೆ ಏರಿದೆಯೆಂದು ತಿಳಿದಾಗ ಡಾಕ್ಟರರು, "ಮೂರು ತಿಂಗಳು ಬಾಯಿ ಕಟ್ಟಿ. ಇಳಿಯದಿದ್ದರೆ ಮಾತ್ರೆ, ಶುರುವಾದರೆ ಮತ್ತೆ ಬಿಡುವ ಹಾಗಿಲ್ಲ" ಎಂದರು. ಮಾತ್ರೆಯೆಂದರೆ ನನಗೆ ಹಾವಿನಷ್ಟೇ ಭಯ. ಹೆಂಡತಿ ವಾರಿಜ ಮರುದಿನದಿಂದಲೇ ಬುತ್ತಿ ಬದಲಿಸಿದಳು: ರಾಗಿ ರೊಟ್ಟಿ, ಹೆಸರಿನ ಮೊಳಕೆ, ಒಂದೆಲಗದ ಚಟ್ನಿ, ಮುಳ್ಳುಸೌತೆ.

ವಿದ್ಯಾನಗರದ ನಮ್ಮ ಆಫೀಸಿನಲ್ಲಿ ಯಾರೂ ತಮ್ಮ ಡಬ್ಬಿಯಿಂದ ತಾವೇ ಉಣ್ಣುವುದಿಲ್ಲ. ಮುಚ್ಚಳ ತೆಗೆದು ಎಲ್ಲವನ್ನೂ ಮೇಜಿನ ನಡುವೆ ಇಟ್ಟು, ಬೇಕಾದವರು ಬೇಕಾದ್ದನ್ನು ತೆಗೆದುಕೊಳ್ಳುವುದು ಪದ್ಧತಿ. ತನ್ನದನ್ನೇ ತಬ್ಬಿಕೊಂಡು ಕುಳಿತವನ ಮನೆಯಲ್ಲಿ ಜಗಳವಾಗಿದೆ ಎಂದೇ ಅರ್ಥ. ಮೊದಲ ದಿನ ನಾನು ಕೈ ತೊಳೆದು ಬರುವಷ್ಟರಲ್ಲಿ ಕುಂಬಳೆಯ ಶೆಟ್ಟರು ಮೊಳಕೆ ಮುಗಿಸಿ ಬೆರಳು ನೆಕ್ಕುತ್ತಿದ್ದರು.

"ಎಂತ ರುಚಿ ಮಾರಾಯ್ರೆ! ನನಗೆ ಶುಗರ್ ಉಂಟಲ್ಲ, ಒಳ್ಳೆಯದೇ ಆಯಿತು."

ನನಗೂ ಉಂಟು ಎನ್ನಲು ನಾಲಿಗೆ ಏಳಲಿಲ್ಲ. ಉಣ್ಣುವವರ ಕೈ ಹಿಡಿಯುವುದುಂಟೇ? ರೊಟ್ಟಿ ಆಗಲೇ ಮೊಗ್ರಾಲಿನ ನಬೀಸಾರ ಪಾಲಾಗಿತ್ತು. "ಅಯ್ಯೋ ಸಾರ್, ನಿಮಗೆ ಎಂತದೂ ಉಳಿಯಲಿಲ್ಲ!" ಎಂದು ನೊಂದುಕೊಂಡ ಅವರು, ನೇಂದ್ರಬಾಳೆಯೊಳಗೆ ತೆಂಗಿನಕಾಯಿ, ಸಕ್ಕರೆ ತುಂಬಿಸಿ ತುಪ್ಪದಲ್ಲಿ ಕರಿದ ಉನ್ನಕ್ಕಾಯಿಯ ಡಬ್ಬಿಯನ್ನೇ ನನ್ನತ್ತ ಸರಿಸಿದರು. ಹಸಿದವನು ಕರುಣೆಯನ್ನು ಎಷ್ಟು ಹೊತ್ತು ನಿರಾಕರಿಸಿಯಾನು? ಆಮೇಲೆ ಇದು ದಿನವೂ ನಡೆಯಿತು. ಉನ್ನಕ್ಕಾಯಿ ಇಲ್ಲದ ದಿನ ಶೆಟ್ಟರು ತಂದ, ಮೈದಾ ಕಲಸಿ ಎಣ್ಣೆಯಲ್ಲಿ ಕರಿದ ಗೋಳಿಬಜೆ.

ಸಂಜೆ ಖಾಲಿ ಡಬ್ಬಿ ನೋಡಿ ವಾರಿಜ ಹಿಗ್ಗುವಳು. "ಒಂದು ಕಾಳೂ ಬಿಡಲಿಲ್ಲ ನೀವು!" ಮರುದಿನ ಒಂದು ಸೌಟು ಹೆಚ್ಚು. ಆ ಸಂತೋಷಕ್ಕೆ ಕಲ್ಲು ಹಾಕುವ ಕಟುಕ ನಾನಲ್ಲ. ಗಡುವು ಅರ್ಧ ಕಳೆಯುವಾಗ ಶೆಟ್ಟರ ಸಕ್ಕರೆ ಇಳಿದಿತ್ತು, ನಬೀಸಾ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುತ್ತಿದ್ದರು, ನನ್ನ ಪ್ಯಾಂಟಿನ ಗುಂಡಿ ಮಾತ್ರ ಹಾರಿಹೋಗಿತ್ತು.

ಮಾತ್ರೆಯ ಭಯ ಮರ್ಯಾದೆಯನ್ನು ಗೆದ್ದಿತು. ಊಟದ ಮೇಜಿನಲ್ಲೇ ವಿಷಯ ಹೇಳಿದೆ.

"ಅಲ್ಲ ಸಾರ್, ಬಾಯಿ ಬಿಟ್ಟು ಹೇಳಬಾರದಾ? ನಾನು ದಿನಾ ನಿಮಗೆ ವಿಷ ಕೊಟ್ಟ ಹಾಗಾಯಿತಲ್ಲ!" ಎಂದು ನಬೀಸಾ ತಲೆಯ ಮೇಲೆ ಕೈ ಹೊತ್ತರು.

"ಇನ್ನು ಈ ಮೇಜಿಗೆ ಕರಿದದ್ದು ತಂದವರಿಗೆ ಉಂಟು!" ಶೆಟ್ಟರು ಗುಡುಗಿದರು.

ಮರುದಿನದಿಂದ ಎಲ್ಲ ಡಬ್ಬಿಯಲ್ಲೂ ಮೊಳಕೆ, ಸೊಪ್ಪು, ಹಬೆಯಲ್ಲಿ ಬೇಯಿಸಿದ್ದು. ಯಾರದ್ದು ಯಾರು ತಿಂದರೂ ಪಥ್ಯವೇ. ಪರೀಕ್ಷೆಯಲ್ಲಿ ಸಕ್ಕರೆ ಇಳಿದಿತ್ತು, ಮಾತ್ರೆ ತಪ್ಪಿತು. ತನ್ನ ಬುತ್ತಿಯ ಮಹಿಮೆಯೆಂದು ವಾರಿಜ ಕೇರಿಗೆಲ್ಲ ಹೇಳಿಬಂದಳು.

ಈಗ ಎಲ್ಲರೂ ಸುಖಿಗಳು, ನಾನೂ ಎನ್ನಬೇಕು. ಮೊನ್ನೆ ಸೊಪ್ಪು ಜಗಿಯುತ್ತಾ ಮೆಲ್ಲನೆ ವಿಚಾರಿಸಿದೆ: "ನಬೀಸಾ, ನಿಮ್ಮ ಅಳಿಯ ಗಲ್ಫಿನಿಂದ ಬರುವುದು ಯಾವಾಗ?"

"ಬರುವ ತಿಂಗಳು ಸಾರ್. ನಮ್ಮ ಮಕ್ಕಳ ಮೇಲೆ ನಿಮಗೆ ಎಷ್ಟು ಪ್ರೀತಿ!" ಅವರ ಕಣ್ಣು ತುಂಬಿತು.

ಅಳಿಯ ಬಂದ ಮನೆಯಲ್ಲಿ ಯಾರೂ ಸೊಪ್ಪು ಬೇಯಿಸುವುದಿಲ್ಲ. ನಾನು ತಲೆ ತಗ್ಗಿಸಿ ಇನ್ನೊಂದು ತುತ್ತು ಬಾಯಿಗಿಟ್ಟೆ.