ಹಳೇದರ ತಾಕತ್ತು ಪೂರಾ ತೆಗೆದರೇನ್ರಿ?

ಬ್ಲೌಸಿನ ಅಳತೆ ತಪ್ಪಿದರೆ ನನ್ನನ್ನು ಕೇಳಿ, ಉತ್ತರ ಕೊಡುತ್ತೇನೆ. ಆದರೆ ಬನಹಟ್ಟಿಯಲ್ಲಿ ಹದಿನೈದು ವರ್ಷ ಜನ ನನ್ನನ್ನು ಕೇಳಿದ್ದು ಬ್ಲೌಸಿನ ಮಾತಲ್ಲ, ಟಿವಿ ಗೇಮಿನ ಮಾತು. ಕೇಳಿದಾಗಲೆಲ್ಲ ಒಂದಿಲ್ಲೊಂದು ಫಜೀತಿ ಆಗಿಯೇ ತೀರುತ್ತಿತ್ತು.

ಇದಕ್ಕೆಲ್ಲ ಕಾರಣ ನಮ್ಮ ಮನೆಯವರು. ಅವರದು ಟಿವಿ ರಿಪೇರಿ ಕೆಲಸ. ತೊಂಬತ್ತೇಳು-ತೊಂಬತ್ತೆಂಟರ ಸುಮಾರಿಗೆ ಟಿವಿಗೆ ಜೋಡಿಸಿ ಆಡುವ ಒಂದು ಯಂತ್ರ ತಂದು, ಮುಂದಿನ ಖೋಲಿಯಲ್ಲಿ ನನ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟು, ಗೇಮ್ ಅಂಗಡಿ ತೆರೆದರು. ತೆರೆದವರು ಅವರು, ಕೂತವಳು ನಾನು. ಅವರು ರಬಕವಿ, ತೇರದಾಳ, ಜಮಖಂಡಿ ಅಂತ ರಿಪೇರಿಗೆ ಸುತ್ತುತ್ತಿದ್ದರು. ನನಗೆ ಆ ಯಂತ್ರದ ಬಗ್ಗೆ ಗೊತ್ತಿದ್ದದ್ದು ಎರಡೇ: ಗುಂಡಿ ಒತ್ತಿದರೆ ಚಾಲೂ, ಇನ್ನೊಮ್ಮೆ ಒತ್ತಿದರೆ ಬಂದ್. ಅಷ್ಟು ಕಲಿಯುವುದರೊಳಗೆ ಎರಡನೆಯ ಯಂತ್ರ ಬಂತು. ಅದರ ಗುಂಡಿ ಎಲ್ಲಿದೆ ಅಂತ ಹುಡುಕುವುದರೊಳಗೆ ಮೂರನೆಯದು.

ಹೊಸದು ಬಂದಾಗಲೆಲ್ಲ ಗಿರಾಕಿಗಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಅಕ್ಕಾರ, ಹಳೇದರ ತಾಕತ್ತು ಪೂರಾ ತೆಗೆದರೇನ್ರಿ? ಆಟ ಮಾಡಾವರು ಅದರಾಗ ಇನ್ನೂ ಏನೇನು ಬಿಟ್ಟಾರೋ ಏನೋ!”

ನನಗೇನು ಗೊತ್ತು? ಇವತ್ತಿಗೂ ಗೊತ್ತಿಲ್ಲ.

ಅಂಗಿ ಬದಲಿ

ಮೊದಲನೆಯ ಯಂತ್ರಕ್ಕೆ ಕ್ಯಾಸೆಟ್ ಸಿಕ್ಕಿಸಬೇಕಿತ್ತು. ಒಂದು ಕ್ಯಾಸೆಟ್ಟಿನ ಮೇಲೆ ‘ಒಂದರಲ್ಲಿ 9999 ಆಟ’ ಎಂದು ಬರೆದಿತ್ತು. ನಮ್ಮ ಓಣಿಯ ಗಣಿತದ ಮಾಸ್ತರರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

“ಇಷ್ಟ ಸಣ್ಣ ಡಬ್ಬಿ ಇಷ್ಟ ಆಟ ಹಿಡಿಯಂಗಿಲ್ರಿ. ಹೆಂಗೂ ಸಾಲಿ ಸೂಟಿ ಐತಿ. ಒಂದೊಂದ ತಾಳೆ ನೋಡೇ ಬಿಡ್ತೀನಿ” ಅಂದರು.

ಮರುದಿನ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಬಂದರು. ಒಂದು ಆಟ ಆಡುವುದು, ಬರೆದುಕೊಳ್ಳುವುದು. ಮುಂದಿನದು ಆಡುವುದು, ಬರೆದುಕೊಳ್ಳುವುದು. ಬೇರೆ ಗಿರಾಕಿಗಳು ಹಿಂದೆ ನಿಂತು ಆಕಳಿಸಿ ಹೊರಟುಹೋದರು. ನಾಲ್ಕನೆಯ ದಿನ ಮಾಸ್ತರರು ಕುರ್ಚಿ ಬಿಟ್ಟು ಎದ್ದು ನಿಂತು ಕೂಗಿದರು.

“ಸಿಕ್ಕಬಿದ್ರು ನೋಡ್ರಿ! ಇದು ನೂರಾ ಐದನೇ ಆಟ. ಇದನ್ನ ನಾ ಐದನೇದರಾಗ ಆಡೀನಿ. ಅದ ಮನಶ್ಯಾ, ಅದ ಗ್ವಾಡಿ, ಅದ ಜಿಗಿತ. ಅಲ್ಲಿ ಕೆಂಪ ಅಂಗಿ ಹಾಕಿದ್ದ, ಇಲ್ಲಿ ಹಸರ ಹಾಕ್ಯಾನ!”

ಊಟಕ್ಕೆ ಬಂದಿದ್ದ ನಮ್ಮ ಮನೆಯವರು ಹೊರಗೆ ಬಂದು ಸಮಾಧಾನ ಮಾಡಿದರು. “ಯಂತ್ರದ್ದು ತಪ್ಪಿಲ್ರಿ ಸರ. ಅದು ಇನ್ನೂ ದುಡಿಯಾಕ ತಯಾರೈತಿ. ಆಟ ಮಾಡಾವರಿಗೆ ಬ್ಯಾಸರಾಗಿ ಬರೇ ಅಂಗಿ ಬದಲಿ ಮಾಡಿ ಕಳಸ್ಯಾರ.”

ಮಾಸ್ತರರು ತಾವು ಹಾಕಿಕೊಂಡಿದ್ದ ಅಂಗಿಯನ್ನು ಒಮ್ಮೆ ನೋಡಿಕೊಂಡರು. ನೋಟ್‌ಬುಕ್ಕು ಮುಚ್ಚಿದರು.

“ಅಂಗಿ ಬದಲಿ ಆದ್ರ ಹೊಸಾ ಆಟ ಅನ್ನೂದಾದ್ರ, ನಮ್ಮ ಸಾಲಿಗೆ ದಿನಾ ಒಬ್ಬ ಹೊಸಾ ಮಾಸ್ತರ ಬರಾಕತ್ತಾನಲ್ರಿ! ಮತ್ತ ಒಬ್ಬ ಮಾಸ್ತರನ್ನ ಕೊಡ್ರಿ ಅಂತ ನಾವ್ಯಾಕ ಅರ್ಜಿ ಬರಿಯಾಕತ್ತೇವಿ?”

ಬೋರಲು ಹಾಕಿದ ಯಂತ್ರ

ಎರಡನೆಯದು ಸಿಡಿ ಹಾಕುವ ಯಂತ್ರ. ಎರಡು ವರ್ಷ ಚಂದಾಗಿ ನಡೆದು, ಒಂದು ದಿನ ಮುನಿಸಿಕೊಂಡಿತು. ಸಿಡಿ ತಿರುಗುತ್ತದೆ, ಟಿವಿಯಲ್ಲಿ ಬರೀ ಕತ್ತಲೆ. ನಮ್ಮ ಮನೆಯವರು ಅದನ್ನು ಎತ್ತಿ ತಲೆಕೆಳಗಾಗಿ ಇಟ್ಟರು. ತಟ್ಟನೆ ಆಟ ಚಾಲೂ ಆಯಿತು.

“ಸಿಡಿ ಓದೂ ಕಣ್ಣು ಸವದು ಜೋತ ಬಿದ್ದೈತಿ. ಬೋರಲ ಹಾಕಿದ್ರ ಜಾಗಾಕ್ಕ ಬರ್ತೈತಿ. ಹಿಂಗ ಇರಲಿ, ಮುಟ್ಟಬ್ಯಾಡ” ಎಂದು ಹೇಳಿ ಸೈಕಲ್ ಹತ್ತಿ ತೇರದಾಳಕ್ಕೆ ಹೋದರು.

ಅವರು ಹೋದ ಮೇಲೆ ಜಾಬರ್ ಒಬ್ಬರು ಬಂದರು. ಪವರ್‌ಲೂಮ್ ಕೆಟ್ಟರೆ ಸರಿ ಮಾಡುವವರಿಗೆ ನಮ್ಮಲ್ಲಿ ಜಾಬರ್ ಅನ್ನುತ್ತಾರೆ. ಯಂತ್ರ ಅಂದರೆ ಅವರಿಗೆ ಪ್ರಾಣ.

“ಇದೇನ್ರಿ ಅಕ್ಕಾರ, ಬೋರಲ ಹಾಕೀರಿ?”

ಕಣ್ಣು, ಸವೆತ, ಜೋತು ಬೀಳುವುದು, ಇದೆಲ್ಲ ನನಗೆ ಬಿಡಿಸಿ ಹೇಳಲು ಬರಲಿಲ್ಲ. ನನಗೆ ತಿಳಿದದ್ದು ಹೊಲಿಗೆ. “ಅಂಗಿ ಕಾಲರ್ ಸವದ್ರ ತಿರುವಿ ಹೊಲಿಯಂಗಿಲ್ಲೇನ್ರಿ? ಹಂಗ ತಿಳೀರಿ” ಅಂದೆ.

ಜಾಬರ್ ಅದನ್ನು ಖರೆ ಅಂತಲೇ ತಿಳಿದರು. “ಹಾಂ! ಅಂದ್ರ ಮ್ಯಾಲಿನ ಮಗ್ಗಲ ಮುಗೀತು, ಈಗ ಕೆಳಗಿನ ಮಗ್ಗಲ ನಡದೈತಿ!”

ಸಂಜೆಯೊಳಗೆ ಮಗ್ಗದ ಓಣಿಗೆಲ್ಲ ಸುದ್ದಿ ಹರಡಿತು. ಏಳೆಂಟು ಜನ ನೋಡಲು ಬಂದರು. “ಈ ಮಗ್ಗಲಾನ ಛಲೋ ಐತಿ. ಬಣ್ಣ ನೋಡ್ರಿ ಎಷ್ಟ ತಿಳಿ ಐತಿ” ಅಂದ ಒಬ್ಬ. “ಬಳಸಿದ್ದಿಲ್ಲಲ್ಲ, ಹೊಸಾದು” ಅಂದ ಇನ್ನೊಬ್ಬ. ಇಷ್ಟು ಜನ ಹೇಳಿದ ಮೇಲೆ ನನಗೂ ಬಣ್ಣ ತಿಳಿಯಾಗಿಯೇ ಕಾಣತೊಡಗಿತು.

ನಮ್ಮ ಮನೆಯವರು ವಾಪಸ್ಸು ಬಂದಾಗ ಜಾಬರ್ ಯಂತ್ರದ ನಾಲ್ಕೂ ಬದಿಗೆ ಕೈಯಾಡಿಸುತ್ತಾ ನಿಂತಿದ್ದರು. “ಬರ್ರಿ, ಬರ್ರಿ. ಮ್ಯಾಲಿಂದು ಒಂದು ಮುಗದೈತಿ, ಕೆಳಗಿಂದು ನಡದೈತಿ. ಇನ್ನೂ ನಾಕ ಮಗ್ಗಲ ಮುಟ್ಟೇ ಇಲ್ಲ. ಹೊಸಾ ಯಂತ್ರ ಮಾಡಾಕ ಅವಸರ ಮಾಡಬ್ಯಾಡ್ರಿ ಅಂತ ಕಂಪನಿಯವರಿಗೆ ಒಂದ ಮಾತ ತಿಳಸ್ರಿ.”

ತೆರೆಯದ ಖೋಲಿ

ಒಂದು ಮಧ್ಯಾಹ್ನ ಬೀಳಗಿ ಕಡೆಯ ಹಿರಿಯರೊಬ್ಬರು ತಮ್ಮ ಟಿವಿ ರಿಪೇರಿಗೆ ತಂದು ಕೂತಿದ್ದರು. ಅವರ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗಿ, ಈಗ ಹೊಸ ಊರಿನಲ್ಲಿ ಮನೆ ಕಟ್ಟಿಸಿದ್ದರು. ನಮ್ಮ ಮನೆಯವರು ಮಾತಿಗೆ ಅಂತ ಎರಡು ಸಿಡಿ ಒಂದರ ಹಿಂದೊಂದು ಹಾಕಿ ತೋರಿಸಿದರು.

“ನೋಡ್ರಿ ಕಾಕಾ. ಇದು ಈ ಯಂತ್ರ ಬಂದ ಮೊದಲನೇ ವರ್ಷದ ಆಟ. ಮುಖಾ ನೋಡ್ರಿ, ಇಟ್ಟಂಗಿ ಇಟ್ಟಂಗ ಐತಿ. ಇದು ಕಡೀ ವರ್ಷದ್ದು. ಹುಬ್ಬಿನ ಕೂದಲಾ ಎಣಿಸಬಹುದು. ಯಂತ್ರ ಅದ! ಮಾಡಾವರಿಗೆ ಈಗ ಕೈ ಕುದರೈತಿ, ಈಗ ನೋಡಿದ್ರ ಹೊಸಾ ಯಂತ್ರ ಬಂತು ಅಂತಾರ.”

ಹಿರಿಯರು ಟಿವಿಯ ಹತ್ತಿರ ಬಗ್ಗಿ ಆ ಹುಬ್ಬು ನೋಡಿದರು. ಆಮೇಲೆ ಅಂದರು:

“ನಮ್ಮ ಹಳೇ ಮನ್ಯಾಗ ಒಂದ ಖೋಲಿ ಇತ್ತು. ನಮ್ಮಪ್ಪನ ಕಾಲದಾಗಿಂದ ಅದರಾಗ ಮುರಕ ಸಾಮಾನ ತುಂಬಿ ಕದಾ ಹಾಕಿದ್ವಿ. ಊರ ಬಿಡೂ ವಾರ ಎಲ್ಲಾ ಹೊರಗ ಹಾಕಿ, ಕಿಡಕಿ ತಗದ್ವಿ ನೋಡ. ಏನ್ ಗಾಳಿ ತಮ್ಮಾ! ಹೊಳೀ ಗಾಳಿ ಸೀದಾ ಎದಿಗೆ ಬಡೀತಿತ್ತು. ನಲವತ್ತ ವರ್ಷ ನಾವು ಪಡಸಾಲ್ಯಾಗ ಬೀಸಣಿಕಿ ಹಿಡಕೊಂಡು ಬೆವರಕೋತ ಮಲಗೇವಿ. ಆ ಖೋಲ್ಯಾಗ ಮಲಗಿದ್ದು ಆರ ದಿನ. ಏಳನೇ ದಿನ ಲಾರಿ ಬಂತು.”

ನಮ್ಮ ಮನೆಯವರು ಆಟ ಬಂದ್ ಮಾಡಿದರು. ನಾನೂ ಹೊಲಿಗೆ ನಿಲ್ಲಿಸಿದೆ. “ಹೊಸಾ ಮನಿ ಹೆಂಗೈತ್ರಿ ಕಾಕಾ?” ಅಂತ ಕೇಳಿದೆ.

“ಛಲೋ ಐತಿ ತಂಗಿ. ಈ ಸಲ ಶಾಣ್ಯಾ ಆಗೀನಿ. ಹೊಕ್ಕ ದಿನದಿಂದ ಎಲ್ಲಾ ಖೋಲಿ, ಎಲ್ಲಾ ಕದಾ ತಗದ ಇಟ್ಟೀನಿ. ಒಂದೂ ಬಳಸಲಾರದ್ದು ಉಳೀಬಾರದು ಅಂತ.” ಮತ್ತೆ ಅವರೇ ಅಂದರು, “ಬಾಜೂ ಮನಿಯವರ ಎಮ್ಮಿ ಬಂದು ದೇವರ ಖೋಲ್ಯಾಗ ಮಲಗೈತಿ. ಮೂರ ದಿನಾ ಆತು, ಏಳವಲ್ದು.”

ಹೊಲಿಗೆ ಯಂತ್ರದ ಗುಂಡಿ

ಮೂರನೆಯ ಯಂತ್ರ ಬಂದಾಗ ಜಗಳವೇ ಆಯಿತು. ಅದಕ್ಕೆ ದೊಡ್ಡ ಟಿವಿ ಬೇಕಂತೆ. ದೊಡ್ಡ ಟಿವಿಗೆ ಜಾಗ ಬೇಕಂತೆ. ನನ್ನ ಹೊಲಿಗೆ ಯಂತ್ರ ಹಿಂದಿನ ಖೋಲಿಗೆ ಹೋಗಬೇಕಂತೆ. ಹಿಂದಿನ ಖೋಲಿಗೆ ಕಿಟಕಿಯಿಲ್ಲ. ಹಗಲಲ್ಲೂ ಸೂಜಿಗೆ ದಾರ ಪೋಣಿಸಲು ಆಗದ ಜಾಗ. ಅಲ್ಲಿಗೆ ಹೋದರೆ ನನ್ನ ಕೆಲಸ ಮುಗಿದ ಹಾಗೆಯೇ.

“ಹಳೇದರ ತಾಕತ್ತು ಮುಗದೈತೇನು? ಮುಗದಿದ್ದನ್ನ ತೋರಸ್ರಿ. ನಾನ ಎತ್ತಿ ಹಿಂದ ಇಡ್ತೀನಿ” ಅಂದೆ.

“ಯಾವ ಯಂತ್ರದ್ದೂ ಮುಗಿಯಂಗಿಲ್ಲ. ಯಾರೂ ಪೂರಾ ಬಳಸಿರಂಗಿಲ್ಲ. ನೀನರ ನಿನ್ನ ಯಂತ್ರ ಪೂರಾ ಬಳಸಿಯೇನು?”

ನನಗೆ ಸಿಟ್ಟು ನೆತ್ತಿಗೇರಿತು. ನನ್ನಪ್ಪ ಮದುವೆಯಲ್ಲಿ ಕೊಟ್ಟ ಯಂತ್ರ. ಹನ್ನೆರಡು ವರ್ಷದಲ್ಲಿ ಅದು ಹೊಲಿಯದ ಬಟ್ಟೆಯಿಲ್ಲ. “ನನ್ನಷ್ಟ ಯಂತ್ರ ದುಡಿಸಿದಾಕಿ ಈ ಓಣ್ಯಾಗ ಯಾರಿದ್ದಾರ ತೋರಸ್ರಿ!”

ಅವರು ಹತ್ತಿರ ಬಂದು ಬಗ್ಗಿ ನೋಡಿದರು. ನಾನು ಅಳತೆಯ ಟೇಪು ತೂಗುಹಾಕುತ್ತಿದ್ದ ಒಂದು ಗುಂಡಿಯಿತ್ತು. ಟೇಪು ತೆಗೆದು, “ಇದೇನು?” ಅಂದರು.

“ಅದು ಟೇಪಿನ ಗುಂಡಿ.”

ಅವರು ಅದನ್ನು ಕಟಕ್ಕನೆ ತಿರುವಿ, ಒಂದು ಚಿಂದಿ ಇಟ್ಟು ಯಂತ್ರ ಓಡಿಸಿದರು. ಸೂಜಿ ಕುಡಿದವನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಾಡತೊಡಗಿತು.

“ಅಯ್ಯ ಶಿವನ! ಕೆಡಿಸಿದ್ರಿ!” ಎಂದು ಕಿರುಚಿದೆ.

ಕೆಟ್ಟಿರಲಿಲ್ಲ. ಚಿಂದಿಯ ಅಂಚಿನ ಮೇಲೆ ಹಾವು ಹರಿದಂತೆ ಅಚ್ಚುಕಟ್ಟಾದ ಹೊಲಿಗೆ ಬಿದ್ದಿತ್ತು. ಸೀರೆಯ ಅಂಚಿಗೆ ಪಿಕೊ ಮಾಡುತ್ತಾರಲ್ಲ, ಅದು. ಮರುದಿನದಿಂದ ಪಿಕೊ ಮಾಡಿಸಲು ಹೆಂಗಸರು ಸಾಲು ಹಚ್ಚಿದರು. ದೊಡ್ಡ ಟಿವಿಯೇ ಹಿಂದಿನ ಖೋಲಿಗೆ ಹೋಯಿತು. ಕತ್ತಲಲ್ಲಿ ಆಟ ಇನ್ನೂ ಚಂದ ಕಾಣುತ್ತದೆ ಅಂತ ನಮ್ಮ ಮನೆಯವರು ತಮ್ಮನ್ನೇ ಸಮಾಧಾನ ಮಾಡಿಕೊಂಡರು.

ನಾನು ಮಾತ್ರ ಗೆದ್ದೆ ಅಂತ ಯಾರ ಮುಂದೂ ಹೇಳಿಕೊಳ್ಳಲಿಲ್ಲ. ಹೇಗೆ ಹೇಳಲಿ? ಹನ್ನೆರಡು ವರ್ಷ ಪಿಕೊ ಕೇಳಿಕೊಂಡು ಬಂದವರನ್ನೆಲ್ಲ “ನಮ್ಮ ಯಂತ್ರದಾಗ ಅದು ಬರಂಗಿಲ್ರಿ” ಅಂತ ಜಮಖಂಡಿಗೆ ಕಳಿಸಿದವಳು ನಾನೇ. ಹೋಗುವ ಬಸ್ಸಿನ ಹೊತ್ತೂ ಹೇಳಿ.

ಪುಣೆಯ ಹುಲ್ಲು

ತೇರದಾಳದಲ್ಲಿರುವ ನಮ್ಮಕ್ಕನ ಮಗಳು ಪುಣೆಯ ಒಂದು ಆಫೀಸಿನಲ್ಲಿದ್ದಳು. ಪರದೇಶದವರ ವಿಡಿಯೋ ಗೇಮುಗಳಿಗೆ ಅಲ್ಲಿ ಚಿತ್ರ ಮಾಡಿಕೊಡುತ್ತಿದ್ದರು. ಅವಳನ್ನು ನೋಡಲು ಮುಧೋಳದಿಂದ ವರನ ಕಡೆಯವರು ಬರುವವರಿದ್ದರು. ಹಿಂದೆ ಎರಡು ಸಂಬಂಧ ತಪ್ಪಿದ್ದವು. ಎರಡೂ ಸಲ ನಮ್ಮಕ್ಕ “ನಮ್ಮ ಹುಡುಗಿ ಪುಣೇದಾಗ ಆಟ ಮಾಡ್ತಾಳ” ಅಂದಿದ್ದಳು; ಬಂದವರು ಬಯಲಾಟದವಳೆಂದು ತಿಳಿದು, ಚಹಾ ಕುಡಿದು ಎದ್ದು ಹೋಗಿದ್ದರು. ಅದಕ್ಕೇ ಈ ಸಲ, “ನಿನಗ ಆ ಧಂದೆ ಗೊತ್ತೈತಿ, ನೀನ ಬಂದು ತಿಳಿಸಿ ಹೇಳು” ಅಂತ ನನ್ನನ್ನು ಕರೆಸಿದಳು.

ವರನ ಅಜ್ಜ ಬಿಳಿ ಪಟಗ ಸುತ್ತಿಕೊಂಡು ನಡುವೆ ಕೂತಿದ್ದರು. ಹುಡುಗಿ ಬಂದು ಕೂತಳು.

“ಏನ್ ಕೆಲಸ ಮಾಡ್ತಿ ತಂಗಿ?”

“ಹುಲ್ಲ ಮಾಡ್ತೀನ್ರಿ ಅಜ್ಜಾರ.”

ಉಪ್ಪಿಟ್ಟು ತರುತ್ತಿದ್ದ ನಮ್ಮಕ್ಕ ಬಾಗಿಲಲ್ಲೇ ನಿಂತು ನನಗೆ ಕಣ್ಸನ್ನೆ ಮಾಡಿದಳು. ನಾನು ನಡುವೆ ಬಾಯಿ ಹಾಕಿದೆ. “ಟಿವಿ ಗೇಮಿನಾಗ ಬಯಲು ಕಾಣ್ತೈತಲ್ರಿ, ಅದರಾಗಿನ ಹುಲ್ಲರಿ.”

“ಎಷ್ಟ ವರ್ಷ ಆತು?”

“ನಾಕ ವರ್ಷ ಆತ್ರಿ. ಮೊದಲನೇ ವರ್ಷ ಕಲ್ಲ ಮಾಡ್ತಿದ್ನಿರಿ. ಕೆಲಸ ಛಲೋ ಐತಿ ಅಂತ ಹುಲ್ಲಿಗೆ ಹಾಕಿದ್ರು.”

ಅಜ್ಜ ಉಳಿದವರ ಕಡೆ ತಿರುಗಿ ಗಂಭೀರವಾಗಿ, “ಪ್ರಮೋಷನ್ ಆಗೈತಿ” ಅಂದರು.

ಅಲ್ಲಿಯವರೆಗೆ ನೆಲ ನೋಡುತ್ತಾ ಕೂತಿದ್ದ ವರ ಈಗ ಬಾಯಿ ಬಿಟ್ಟ. ಅವನಿಗೆ ಗೇಮಿನ ಹುಚ್ಚಿತ್ತೋ ಏನೋ, ಕೇಳಿದ್ದೇ ಆ ಪ್ರಶ್ನೆ: “ಹೊಸಾ ಯಂತ್ರ ಬರೂದರಾಗ ಹಳೇದರ ತಾಕತ್ತು ನೀವು ಪೂರಾ ತೆಗೀತೀರೇನ್ರಿ?”

ನಾನು ಕಿವಿ ನಿಮಿರಿಸಿ ಕೂತೆ. ಇಷ್ಟು ವರ್ಷಕ್ಕೆ ಉತ್ತರ ಗೊತ್ತಿರುವವಳನ್ನು ಯಾರೋ ಕೇಳಿದ್ದರು.

ಹುಡುಗಿ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು. “ಎಲ್ಲಿ ತೆಗೀತೇವ್ರಿ? ಮೊದಲ ಒಂದ ಹಿಡಿ ಹುಲ್ಲ ಹಾಕಿದ್ರ ಯಂತ್ರ ತೇಕತಿತ್ತು. ಕಡೀರಿ, ಕಡೀರಿ ಅಂತಿದ್ರು. ಎರಡ ವರ್ಷ ಬರೇ ಕಡದ್ನಿ. ಆಮ್ಯಾಲ ಒಂದ ಯುಕ್ತಿ ಹೊಳೀತು. ದೂರದ ಹುಲ್ಲ ಬರೇ ಚಿತ್ರ, ಹತ್ತರದ್ದಷ್ಟ ಖರೇ ಅಲಗ್ಯಾಡೂದು. ಬಯಲ ತುಂಬ ಹುಲ್ಲಾತ್ರಿ! ಗಾಳಿ ಬಂದ್ರ ಎಲ್ಲಾ ಒಂದ ಕಡೆ ಬಾಗತಿತ್ತು. ಯಂತ್ರ ಒಂದೀಟೂ ತೇಕಲಿಲ್ಲ. ಅವತ್ತ ಮಧ್ಯಾಹ್ನ ಮೇಲ್ ಬಂತು. ಹೊಸಾ ಯಂತ್ರ ಬರಾಕತ್ತೈತಿ, ಹಳೇದರ ಕೆಲಸ ಬಂದ್ ಮಾಡ್ರಿ ಅಂತ.” ಹೇಳುತ್ತಾ ಹೇಳುತ್ತಾ ಅವಳ ಕಣ್ಣು ತುಂಬಿತು.

ಅಜ್ಜ ಮುಂದಕ್ಕೆ ಬಾಗಿದರು. “ಬೆಳದ ನಿಂತ ಹುಲ್ಲು ಏನಾತು?”

“ಹಂಗ ಬಿಟ್ಟೇವ್ರಿ.”

“ಮೇಯಾಕ ಒಂದ ದನಾನೂ ಇರಲಿಲ್ಲೇನ?”

“ಕುದರಿ ಇತ್ರಿ. ಆದ್ರ ಕುದರಿ ಮಾಡಾವರು ಬ್ಯಾರೆ ಖೋಲ್ಯಾಗ ಕೂಡ್ತಾರ. ಅವರು ಮಾಡಿದ ಕುದರಿಗೆ ಕುತ್ತಿಗಿ ಬಗ್ಗಸಾಕ ಬರ್ತಿದ್ದಿಲ್ರಿ.”

ಅಜ್ಜ ತೊಡೆ ತಟ್ಟಿಕೊಂಡು ಎದ್ದು ನಿಂತರು. “ಹುಡುಗಿ ಒಪ್ಪಿಗಿ ಆತು! ಬೆಳದ ಹುಲ್ಲ ಹಾಳಾತಂತ ಕಣ್ಣೀರ ಹಾಕಾಕಿ ಮನಿ ಹಾಳ ಮಾಡಂಗಿಲ್ಲ. ಲೇ, ಸಕ್ಕರಿ ಹಂಚ್ರಿ.” ನಮ್ಮಕ್ಕ ಅಡುಗೆ ಮನೆಗೆ ಓಡಿಹೋಗಿ ಅತ್ತಳು.

ಸಂಬಂಧ ಕೂಡಿತು. ಮದುವೆಯೂ ಚಂದಾಗಿ ಆಯಿತು. ಆದರೆ ಅಜ್ಜ ಊರಿಗೆ ಹೋಗಿ ಸುಮ್ಮನಿರಬೇಕಲ್ಲ! “ನಮ್ಮ ಮೊಮ್ಮಗನ ಹೆಂಡತಿ ಪುಣೇದಾಗ ಬಯಲ ತುಂಬ ಹುಲ್ಲ ಬೆಳಸ್ಯಾಳ. ಮೇಯಿಸಾವರಿಲ್ದ ನಿಂತೈತಿ” ಅಂತ ಕಂಡವರಿಗೆಲ್ಲ ಹೇಳಿದ್ದಾರೆ.

ಬೇಸಿಗೆ ಹಿಡಿಯುವ ಹೊತ್ತಿಗೆ ಒಂದು ದಿನ ನನ್ನ ಅಂಗಡಿ ಮುಂದೆ ಟ್ರ್ಯಾಕ್ಟರೊಂದು ಖಾಲಿ ಟ್ರೇಲರ್ ಸಮೇತ ಬಂದು ನಿಂತಿತು. ಮುಧೋಳ ಕಡೆಯ ಇಬ್ಬರು ಇಳಿದು, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಪುಣೇದ ಹುಲ್ಲಿನ ಹುಡುಗಿ ಚಿಗವ್ವ ನೀವೇನ್ರಿ? ನಮಗ ಎರಡ ಟ್ರೇಲರ್ ಬೇಕಾಗಿತ್ರಿ.”

ಅವರನ್ನು ಕೂರಿಸಿ, ನೀರು ಕೊಟ್ಟು, ಅರ್ಧ ತಾಸು ತಿಳಿಸಿ ಹೇಳಿದೆ. ಅದು ತಿನ್ನುವ ಹುಲ್ಲಲ್ಲ, ಟಿವಿಯೊಳಗಿನದು, ಹೊಸ ಯಂತ್ರ ಬರುತ್ತದೆ ಅಂತ ಹಳೆಯದರಲ್ಲೇ ಉಳಿದುಹೋದದ್ದು ಅಂದೆ. ಹಿಂದಿನ ಖೋಲಿಗೆ ಕರೆದುಕೊಂಡು ಹೋಗಿ, ಒಂದು ಆಟ ಹಾಕಿ ಬಯಲನ್ನೂ ತೋರಿಸಿದೆ. ಇಬ್ಬರೂ ಆ ಹಸಿರಿನ ಹತ್ತಿರ ಹೋದರು. ಒಬ್ಬಾತ ಟಿವಿಯ ಗಾಜಿನ ಮೇಲೆ ಮೆಲ್ಲಗೆ ಬೆರಳಾಡಿಸಿದ. ಎಲ್ಲ ತಿಳಿಯಿತು ಅನ್ನುವ ಹಾಗೆ ತಲೆಯಾಡಿಸಿದ. ಬಾಗಿಲವರೆಗೆ ಹೋದವನು ತಿರುಗಿ ಬಂದ.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಒಂದ ಮಾತ ಕೇಳ್ತೀನಿ. ಈಗ ಹೊಸಾ ಯಂತ್ರ ಬರಾಕತ್ತೈತಿ ಅಂದ್ರಲ್ಲ… ಅದರಾಗಿಂದರ ಹುಲ್ಲ ಹೊರಗ ಬರ್ತೈತೇನ್ರಿ?”