ಮಾಮಾನ ಲೋಡ್ ಟೆಸ್ಟ್

ನನ್ನ ಮಾಮಾ ಈ ಜಗತ್ತಿನ ಯಾವ ವಸ್ತುವನ್ನೂ ಅದರ ಮೇಲೆ ಭಾರ ಹೇರಿ ನೋಡದೆ ನಂಬಿದವರಲ್ಲ. ಉತ್ಪ್ರೇಕ್ಷೆ ಎನಿಸಿದರೆ ಡೊಂಬಿವಲಿಯ ನಮ್ಮ ಕೆಳಗಿನ ಮನೆಯ ಆಜಿಯನ್ನು ಕೇಳಿ. ಮಾಮಾ ಕಲ್ಯಾಣದ ಪೇಟೆಯಿಂದ ಹೊಸ ಮಂಚ ತಂದ ದಿನ ನೆರೆಮನೆಗಳಿಂದ ಒಂಬತ್ತು ಜನರನ್ನು ಕರೆತಂದರು. ಮೊದಲು ಮೂವರನ್ನು ಮಂಚದ ಮೇಲೆ ಕೂರಿಸಿದರು, ಆಮೇಲೆ ಆರು, ಕೊನೆಗೆ ಒಂಬತ್ತು. ಕೈಗಡಿಯಾರ ನೋಡುತ್ತ ಕಾಲು ಗಂಟೆ ಯಾರನ್ನೂ ಏಳಗೊಡಲಿಲ್ಲ. ಮಾಮಿ ಎಲ್ಲರಿಗೂ ಚಹಾ ಮಾಡಿಕೊಟ್ಟರು. ಇನ್ನೇನು ಮಾಡಿಯಾರು? ಮಂಚ ಪಾಸಾಯಿತು. ಅಷ್ಟರಲ್ಲಿ ಆಜಿ ತಲೆಯ ಮೇಲೆ ಉದುರಿದ ಸುಣ್ಣವನ್ನು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ ಬಂದು, "ಕುಣಾಚಂ ಲಗ್ನ ಆಹೇ?" ಎಂದು ವಿಚಾರಿಸಿದರು. ಯಾರ ಮದುವೆ ಎಂದು!

ತಪ್ಪು ಮಾಮಾನದಲ್ಲ, ಕಸುಬಿನದು. ಅವರು ಥಾಣೆಯ ಒಂದು ಕಂಪನಿಯಲ್ಲಿ ಡೀಸೆಲ್ ಇಂಜಿನ್ ಮೆಕ್ಯಾನಿಕ್ ಆಗಿದ್ದರು. ಸ್ಕೂಟರು, ಮೋಟಾರಿನ ಇಂಜಿನ್ನುಗಳನ್ನು ಅವರು ಆಟದ ಸಾಮಾನೆಂದೇ ತಿಳಿದಿದ್ದರು. ಅವರವು ನಮ್ಮ ಅಡುಗೆಮನೆಯಷ್ಟು ದೊಡ್ಡ ಇಂಜಿನ್ನುಗಳು. ಕೆಲವು ಕರೆಂಟು ಹೋದಾಗ ಆಸ್ಪತ್ರೆಯನ್ನೂ ಟೆಲಿಫೋನ್ ಎಕ್ಸ್‌ಚೇಂಜನ್ನೂ ನಡೆಸುವಂಥವು. ಕೆಲವು ಕರೆಂಟಿನ ಹಂಗೇ ಇಲ್ಲದೆ ಕ್ವಾರಿಯಲ್ಲಿ ಕಲ್ಲು ಒಡೆಯುವಂಥವು, ಕಳವಾ ಊರಿನ ಖಾಡಿಯ ಹಿನ್ನೀರಿನಲ್ಲಿ ಮರಳಿನ ಬೋಟು ಓಡಿಸುವಂಥವು. ರಿಪೇರಿಯಾದ ಇಂಜಿನ್ನನ್ನು ಸುಮ್ಮನೆ ಚಾಲೂ ಮಾಡಿ ನೋಡಿದರೆ ಸಾಲದಂತೆ. ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಹಂತಹಂತವಾಗಿ ಕೆಲಸದ ಭಾರ ಹಾಕಿ ನೋಡಬೇಕು. ಅದೇ ಲೋಡ್ ಟೆಸ್ಟ್. "ಖಾಲಿ ಓಡೂ ಮುಂದ ಎಲ್ಲಾ ಇಂಜಿನ್ನೂ ಸಂಭಾವಿತನ. ಭಾರ ಬಿದ್ದಾಗ ನೋಡಬೇಕು ಗುಣಾ" ಎನ್ನುತ್ತಿದ್ದರು. ಟೆಸ್ಟ್ ಮುಗಿಯುವವರೆಗೆ ಮಾಲೀಕರ ಮನೆಯ ಚಹಾ ಸಹ ಮುಟ್ಟುತ್ತಿರಲಿಲ್ಲ.

ಇಂಜಿನ್ನುಗಳ ಗುಣಸ್ವಭಾವಗಳನ್ನು ಅವರು ಸಂಬಂಧಿಕರ ವಿಷಯದಂತೆ ಹೇಳುತ್ತಿದ್ದರು. ಆಸ್ಪತ್ರೆಯ ಇಂಜಿನ್ ನನ್ನ ಅಜ್ಜಿಯಂತೆ: ದಿನವಿಡೀ ತೂಕಡಿಸಿದರೂ ಕೂಸು ಕೆಮ್ಮಿದರೆ ಸಾಕು, ಎಲ್ಲರಿಗಿಂತ ಮೊದಲು ಎದ್ದಿರಬೇಕು. ಕ್ವಾರಿಯ ಇಂಜಿನ್ ಧೂಳು ತಿಂದು ದುಡಿಯುತ್ತದೆ, ಯಾರೂ ಹಾಲು ಬೇಕೇ ನೀರು ಬೇಕೇ ಎಂದು ಕೇಳುವುದಿಲ್ಲ. ಬೋಟಿನದು ಉಪ್ಪುನೀರಿನಲ್ಲಿದ್ದು ಸಿಡುಕ. ಕಲ್ಯಾಣದ ಬರ್ಫದ, ಎಂದರೆ ಮಂಜುಗಡ್ಡೆಯ, ಕಾರ್ಖಾನೆಯದು ಮಾತ್ರ ಹಗಲೂ ರಾತ್ರಿ ಒಂದೇ ಹದದಲ್ಲಿ ನಡೆಯುವಂಥದು. "ಥೇಟ್ ನಿಮ್ಮ ಮಾಮೀ ಇದ್ದಂಗ" ಎಂದು ಹೊಗಳುತ್ತಿದ್ದರು. ಗಂಡ ತನ್ನನ್ನು ಡೀಸೆಲ್ ಇಂಜಿನ್ನಿಗೆ ಹೋಲಿಸಿದ್ದಕ್ಕೆ ಹೆಮ್ಮೆಪಡಬೇಕೋ ಅಳಬೇಕೋ ಎಂದು ಮಾಮಿಗೆ ಕೊನೆಯವರೆಗೂ ನಿಶ್ಚಯವಾಗಲಿಲ್ಲ.

ಮಾಮಿಯನ್ನೂ ಅವರು ಟೆಸ್ಟ್ ಮಾಡಿಯೇ ತಂದದ್ದು! ಗದಗಿಗೆ ಹೆಣ್ಣು ನೋಡಲು ಹೋದಾಗ ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಿದ್ದರೆ, ಮಾಮಾ ಮೂಲೆಯಲ್ಲಿದ್ದ ತುಂಬಿದ ತಾಮ್ರದ ಕೊಡ ತೋರಿಸಿ, "ಅದನ್ನ ಎತ್ತಿ ಪಡಸಾಲಿ ತನಕಾ ತರಲಿಕ್ಕೆ ಆಗತದೇನು?" ಎಂದರಂತೆ.

"ನಾ ಏನ ಅಂದೆ ಗೊತ್ತದನೂ?" ಎಂದು ಮಾಮಿ ನನಗೆ ಹೇಳಿದ್ದರು. "ಮೊದಲ ನೀವು ಎತ್ತಿ ತೋರಸ್ರಿ, ಆಮ್ಯಾಲ ನಾ ಎತ್ತತೀನಿ ಅಂದೆ. ಎದ್ದು ಬಂದು ಎತ್ತಿದ್ರು. ಅರ್ಧಾ ನೀರು ನಮ್ಮಪ್ಪನ ಮ್ಯಾಲ."

ಇಂಥ ಮನುಷ್ಯನ ಮನೆಯಲ್ಲಿ ಕರೆಂಟು ಹೋದರೆ ಏನು ವ್ಯವಸ್ಥೆ? ಒಂದು ಕಂದೀಲು! ಅದರ ಗಾಜೂ ಒಡೆದದ್ದು. ಮಾಮಿ ಕತ್ತಲೆಯಲ್ಲಿ ಭಕ್ರಿ ತಟ್ಟುತ್ತ, "ಊರಿಗೆಲ್ಲಾ ಬೆಳಕ ಕೊಡತೀರಿ, ನನ್ನ ಒಲೀ ಮುಂದ ಒಂದ ಬಲ್ಬ ಆರದಂಗ ನೋಡ್ರಿ" ಎನ್ನುವರು. ಮಾಮಾ ಗಂಭೀರವಾಗಿ, "ಎರಡ ಬಲ್ಬು, ಒಂದ ಫ್ಯಾನು. ಇಷ್ಟ ಸಣ್ಣ ಲೋಡಿಗೆ ಇಂಜಿನ್ ಹಚ್ಚಿದ್ರ ಇಂಜಿನ್ನಿಗೆ ಅಪಮಾನ" ಎನ್ನುವರು.

ಅದೂ ಮಾಮಿ ಎರಡು ಮೂರು ಸಲ ಕೂಗಿ ಹೇಳಿದ ಮೇಲೆ. ಇಪ್ಪತ್ತೈದು ವರ್ಷ ಇಂಜಿನ್ನುಗಳ ಪಕ್ಕದಲ್ಲಿ ನಿಂತವರ ಕಿವಿ ಹೇಗಿರಬೇಕೋ ಮಾಮಾನ ಕಿವಿ ಹಾಗಿತ್ತು. ಒಪ್ಪಿಕೊಳ್ಳುತ್ತಿದ್ದರೇ? ಛೆ! "ನನ್ನ ಕಿವಿ ಛಲೋ ಅವ. ನಿಮ್ಮ ಗಂಟಲಿಗೆ ಸರ್ವಿಸಿಂಗ್ ಬೇಕು." ನಮ್ಮ ಮನೆಯ ಮಾತುಕತೆಯನ್ನು ಇಡೀ ಬಿಲ್ಡಿಂಗ್ ಕೇಳುತ್ತಿತ್ತು, ಮಾಮಾ ಒಬ್ಬರನ್ನು ಬಿಟ್ಟು.

ಅವರೊಡನೆ ಕೂಗಿ ಮಾತಾಡದವಳು ನಾನೊಬ್ಬಳೇ. ಕೂಗಲು ನನಗೆ ಬರುತ್ತಿರಲಿಲ್ಲ. ಎಂ.ಎ. ಓದಲು ಗದಗಿನಿಂದ ಬಂದು ಅವರ ಮನೆಯಲ್ಲಿ ಉಳಿದ ಎರಡು ವರ್ಷದಲ್ಲಿ ನಮ್ಮಿಬ್ಬರಿಗೆ ಬೇರೆಯದೇ ಒಂದು ರೂಢಿ ಬಿದ್ದಿತ್ತು. ಹೇಳಬೇಕಾದದ್ದನ್ನು, ರಿಪೇರಿಯ ವಿವರ ಬರೆಯುವ ಅವರ ಹಳೆಯ ಜಾಬ್ ಕಾರ್ಡಿನ ಬೆನ್ನಿಗೆ ಬರೆದು ಮುಂದಿಡುತ್ತಿದ್ದೆ. "ನಾಳೆ ಪರೀಕ್ಷೆ, ಐದಕ್ಕೆ ಎಬ್ಬಿಸಬೇಕು." ಮಾಮಾ ಓದಿ, ನನಗೆ ಕಿವಿ ಸರಿಯಾಗಿಯೇ ಇದ್ದರೂ, ತಾವೂ ಪೆನ್ನು ತೆಗೆದು ಕೆಳಗೆ ಬರೆಯುತ್ತಿದ್ದರು: "ಆಗಲಿ." ಒಂದೇ ಕೋಣೆಯಲ್ಲಿ ಎದುರುಬದುರು ಕೂತು ಪತ್ರವ್ಯವಹಾರ ನಡೆಸಿದ ಸೋದರಮಾವ-ಸೊಸೆ ಇನ್ನಾರಾದರೂ ಇದ್ದಾರೆಯೇ, ನಾನರಿಯೆ.

ಎಂ.ಎ. ಮುಗಿಯಿತು, ಇತಿಹಾಸದಲ್ಲಿ ಮೊದಲ ವರ್ಗ. ಒಂದು ಕಾಲೇಜಿನಲ್ಲಿ ಅಧ್ಯಾಪಕಿಯ ಹುದ್ದೆಗೆ ಮಾದರಿ ಪಾಠ ಮಾಡಲು ಕರೆ ಬಂತು. ಹೋದೆ, ಮಾಡಿದೆ. ಪಾಠ ಚೆನ್ನಾಗಿತ್ತೆಂದು ಮೊದಲ ಬೆಂಚಿನವರೆಲ್ಲ ಹೇಳಿದರು. ಮೂರನೆಯ ಬೆಂಚಿನಿಂದ ಹಿಂದೆ ಯಾರಿಗೂ ನಾನು ಪಾಠ ಮಾಡುತ್ತಿದ್ದೇನೆ ಎಂಬುದೇ ತಿಳಿದಿರಲಿಲ್ಲ. ಪ್ರಿನ್ಸಿಪಾಲರು ಬಹಳ ಸೌಜನ್ಯದಿಂದ, ನಮ್ಮ ತರಗತಿಯಲ್ಲಿ ನೂರಕ್ಕೂ ಹೆಚ್ಚು ಹುಡುಗರಿರುತ್ತಾರೆ ಎಂದು ಹೇಳಿ ಕಳಿಸಿದರು.

ಹದಿನೈದು ದಿನಕ್ಕೆ ಥಾಣೆಯ ಇನ್ನೊಂದು ಕಾಲೇಜಿನಿಂದ ಕರೆ ಬಂತು. ಅದರ ಬೆನ್ನಿಗೇ ಅಪ್ಪನ ಪತ್ರ: ಈ ಸಲವೂ ಆಗದಿದ್ದರೆ ಊರಿಗೆ ಬಂದುಬಿಡು, ಮುಂದಿನದನ್ನು ನೋಡೋಣ. ಮುಂದಿನದು ಏನೆಂದು ಅವರು ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಎರಡೂ ಪತ್ರಗಳನ್ನು ಮಾಮಾನ ಮುಂದಿಟ್ಟು ಕಾರ್ಡಿನ ಮೇಲೆ ಬರೆದೆ: "ನನಗೆ ಇಲ್ಲೇ ಇರಬೇಕೆಂದಿದೆ. ದನಿ ಏಳುವುದಿಲ್ಲ."

ಮಾಮಾ ಎರಡೂ ಪತ್ರಗಳನ್ನೂ ಕಾರ್ಡನ್ನೂ ಓದಿದರು. ಆಮೇಲೆ ಬರೆದರು: "ರವಿವಾರ. ಬರ್ಫದ ಕಾರ್ಖಾನೆ. ಬೂಟು ಹಾಕಿಕೊ, ನೆಲ ಒದ್ದೆ ಇರತದ."

ಅಲ್ಲಿನ ಇಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದರಂತೆ. ರವಿವಾರ ಅದರ ಲೋಡ್ ಟೆಸ್ಟ್. "ಒಂದ ಡೀಸೆಲ್ಲಿನಾಗ ಎರಡ ಟೆಸ್ಟ್!" ಎಂದು ಮಾಮಾ ಲೋಕಲ್ ರೈಲಿನಲ್ಲಿ ಕೂತು ಸ್ವಂತ ಜಾಣತನಕ್ಕೆ ತಾವೇ ನಕ್ಕರು. ಅವರ ನಗುವಿಗೆ ಬೋಗಿಯ ಅರ್ಧ ಜನ ತಿರುಗಿ ನೋಡಿತು. ನಾನು ಕಿಟಕಿಯ ಹೊರಗೆ ನೋಡಿದೆ.

ಕಾರ್ಖಾನೆಯ ಒಳಗೆ ಒಂದು ಕೊನೆಯಲ್ಲಿ ಇಂಜಿನ್, ಅದರ ಪಕ್ಕ ಬೋರಲು ಹಾಕಿದ, ಬರ್ಫ ಕಟ್ಟಿಸುವ ದೊಡ್ಡ ತಗಡಿನ ಡಬ್ಬಿಯ ಮೇಲೆ ನಾನು. ಇನ್ನೊಂದು ಕೊನೆಯ ಬಾಗಿಲ ಬಳಿ ಮಾಮಾ ಮತ್ತು ಆ ಇಂಜಿನ್ನನ್ನು ದಿನವೂ ನೋಡಿಕೊಳ್ಳುವ ದಗಡೂ. ಮಾಮಾ ನನಗೆ ಬೆನ್ನು ಮಾಡಿ ನಿಂತರು. "ಕಡೀ ಬೆಂಚಿನ ಹುಡುಗೂರು ಎಲ್ಲೆ ನಿನ್ನ ಮಾರಿ ನೋಡತಾವ? ನಾನೂ ನೋಡಂಗಿಲ್ಲ. ಕೇಳಿಸಿದ್ರ ಕೈ ಎತ್ತತೀನಿ." ಅವರ ಅಗಲ ಬೆನ್ನಿನ ಆಚೆ ದಗಡೂನ ಟೋಪಿಯ ತುದಿಯಷ್ಟೇ ಕಾಣುತ್ತಿತ್ತು.

ಇಂಗ್ಲೆಂಡಿನ ಕೈಗಾರಿಕಾ ಕ್ರಾಂತಿಯ ಪಾಠ ಶುರುವಾಯಿತು. ಇಂಜಿನ್ ಖಾಲಿ ಓಡುತ್ತಿದ್ದಾಗ ಮಾಮಾನ ಕೈ ಎದ್ದಿತು. ಕಾರ್ಖಾನೆಯವರು ಬರ್ಫ ಕಟ್ಟಿಸುವ ಒಂದು ಕಂಪ್ರೆಸರ್ ಹಾಕಿದರು, ಕಾಲು ಲೋಡ್. ಎರಡು ಸಲ ಹೇಳಿದ ಮೇಲೆ ಕೈ ಎದ್ದಿತು. ಅರ್ಧಕ್ಕೆ ನಾಲ್ಕು ಸಲ. ಕೊಕ್ಕೆ ಹಿಡಿದು ಬರ್ಫ ಎಳೆಯುತ್ತಿದ್ದವರು ಕೆಲಸ ನಿಲ್ಲಿಸಿ ನಿಂತರು. ನೂಲುವ ಯಂತ್ರದ ಬಗ್ಗೆ ಇಂಗ್ಲಿಷಿನಲ್ಲಿ ಅಷ್ಟು ಶ್ರದ್ಧೆಯಿಂದ ಕೇಳಿದ ವಿದ್ಯಾರ್ಥಿಗಳು ಆಮೇಲೆ ನನಗೆ ಸಿಕ್ಕಿಲ್ಲ. ಒಬ್ಬನಂತೂ ಹತ್ತಿರ ಬಂದು, ಅಕ್ಕಾ, ಯಾರ ಮೇಲೆ ಇಷ್ಟು ಸಿಟ್ಟು ಎಂದು ಹಿಂದಿಯಲ್ಲಿ ಮರುಗಿದ.

ಪೂರ್ತಿ ಲೋಡಿಗೆ ನೆಲ ನಡುಗತೊಡಗಿತು. ಒಂದೇ ವಾಕ್ಯವನ್ನು ಏಳು ಸಲ ಕೂಗಿದೆ. ಕೈ ಏಳಲಿಲ್ಲ. ಏಳನೆಯ ಸಲಕ್ಕೆ ಗಂಟಲು ಹರಿದಂತಾಗಿ ಕಣ್ಣಲ್ಲಿ ನೀರು ಬಂತು. ಡಬ್ಬಿಯಿಂದ ಇಳಿದೆ. ಗದಗಿನ ಗಾಡಿ ಎಷ್ಟು ಹೊತ್ತಿಗೆ ಎಂದು ಕೂಡ ಯೋಚಿಸಿದೆ.

ನನ್ನ ದನಿ ನಿಂತದ್ದು ಮಾಮಾಗೆ ಹೇಗೋ ತಿಳಿಯಿತು. ತಿರುಗಿ, ಇಡೀ ಶೆಡ್ ದಾಟಿ ಬಂದರು. ಜೇಬಿನಿಂದ ಜಾಬ್ ಕಾರ್ಡು ತೆಗೆದು, ಎಣ್ಣೆ ಮೆತ್ತಿದ ಬೆರಳಲ್ಲಿ ಪೆನ್ನು ಹಿಡಿದು ಬರೆದು ಕೊಟ್ಟರು: "ಇಂಜಿನ್ ಚೀರೂದಿಲ್ಲ. ತಳದಿಂದ ಎತ್ತತದ. ಅವಸರ ಇಲ್ಲ, ಡೀಸೆಲ್ ಇನ್ನೂ ಭಾಳ ಅದ." ಮತ್ತೆ ಹೋಗಿ ಬೆನ್ನು ಮಾಡಿ ನಿಂತರು.

ಮತ್ತೆ ಹತ್ತಿದೆ. ಕಾಲನ್ನು ಡಬ್ಬಿಯ ಮೇಲೆ ಊರಿ, ಹೊಟ್ಟೆಯ ತಳದಿಂದ ಉಸಿರೆತ್ತಿ ಆ ವಾಕ್ಯ ಹೇಳಿದೆ. ಅದು ನನ್ನ ದನಿ ಎಂದು ನನಗೇ ಗುರುತಾಗಲಿಲ್ಲ. ಮಾಮಾನ ಕೈ ಎದ್ದಿತು. ಎದ್ದದ್ದು ಬಹಳ ಹೊತ್ತು ಇಳಿಯಲೇ ಇಲ್ಲ.

ಥಾಣೆಯ ಮಾದರಿ ಪಾಠದ ಬಗ್ಗೆ ಹೆಚ್ಚೇನು ಹೇಳಲಿ? ಪಾಠ ಶುರುವಾಗಿ ಹತ್ತು ನಿಮಿಷಕ್ಕೆ ಪಕ್ಕದ ತರಗತಿಯ ಪ್ರಾಧ್ಯಾಪಕರು ಬಾಗಿಲಲ್ಲಿ ಇಣುಕಿ, ದಯವಿಟ್ಟು ಸ್ವಲ್ಪ ಮೆಲ್ಲಗೆ ಎಂದು ಕೈಮುಗಿದರು. ಜನ್ಮದಲ್ಲಿ ಮೊದಲ ಸಲ ನನ್ನ ಮೇಲೆ ಬಂದ ದೂರು! ನೇಮಕದ ಪತ್ರ ಕೈಗೆ ಬಂದ ದಿನ ಪೇಡೆಯ ಪೊಟ್ಟಣ ಕೊಂಡು ನೇರ ಕಲ್ಯಾಣಕ್ಕೆ ಹೋದೆ. ಮಾಮಾ ಅಂದು ಬರ್ಫದ ಕಾರ್ಖಾನೆಯಲ್ಲೇ ಇದ್ದರು.

ಇಂಜಿನ್ ಪೂರ್ತಿ ಲೋಡಿನಲ್ಲಿ ಓಡುತ್ತಿತ್ತು. ಮಾಮಾ ಆಚೆ ಕೊನೆಯ ಬಾಗಿಲ ಬಳಿ ನನಗೆ ಬೆನ್ನು ಮಾಡಿ ಯಾವುದೋ ಪೈಪು ನೋಡುತ್ತಿದ್ದರು. ದಗಡೂ ಈಚೆ ಸಿಕ್ಕ. ಪತ್ರದ ಸುದ್ದಿ ಕೇಳಿ ಅವನ ಮುಖ ಅರಳಿತು. ನನ್ನ ಕಿವಿಯ ಹತ್ತಿರ ಬಾಗಿ, ಮರಾಠಿಯಲ್ಲಿ, "ತಾಯೀ, ಅದರಲ್ಲಿ ನನ್ನ ಕಿವಿಯದೂ ಪಾಲಿದೆ" ಎಂದ.

ಅರ್ಥವಾಗಲಿಲ್ಲ. ಅವನೇ ಹೇಳಿದ. ಆ ರವಿವಾರಕ್ಕೆ ಮೊದಲೇ ಮಾಮಾ ಕಿವಿಯ ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದರು. ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಯಲ್ಲಿ ಅಷ್ಟಿಷ್ಟು ಉಳಿದಿದೆ ಎಂದಿದ್ದರು ಡಾಕ್ಟರು. "ನಿಮ್ಮ ಮಾಮಾ ನನಗೆ ಹೇಳಿದರು: ದಗಡೂ, ನೀನು ನನ್ನ ಮುಂದೆ ನಿಂತುಕೋ. ಹುಡುಗಿಯ ಮಾತು ನಿನಗೆ ಕೇಳಿಸಿದರೆ ನನ್ನ ಮೊಣಕೈ ಮುಟ್ಟು. ಸುಳ್ಳು ಸುಳ್ಳೇ ಮುಟ್ಟಬೇಡ, ಅವಳ ಕೆಲಸ ಕೆಟ್ಟೀತು. ಅಂದು ಏಳು ಸಲ ಮುಟ್ಟದೆ ನಿಲ್ಲುವುದು ಎಷ್ಟು ಕಷ್ಟವಾಯಿತು, ತಾಯೀ!"

ಪೊಟ್ಟಣ ಬಿಚ್ಚಿದೆ. ಎರಡು ಪೇಡೆ ಅವನ ಕೈಗಿತ್ತೆ, ಒಂದು ಅವನಿಗೆ, ಒಂದು ಮಾಮಾಗೆ. ಅವನು ಕೈಗೊಂದರಂತೆ ಹಿಡಿದು, ಒದ್ದೆ ನೆಲದಲ್ಲಿ ಜಾರದಂತೆ ನಿಧಾನವಾಗಿ ಹೆಜ್ಜೆಯಿಡುತ್ತ ಮಾಮಾನ ಕಡೆ ಹೊರಟ.

ಬರ್ಫದ ಡಬ್ಬಿ ಅಲ್ಲೇ ಬೋರಲು ಬಿದ್ದಿತ್ತು. ಮೇಲೆ ಹತ್ತಿ ನಿಂತೆ. ಕಾಲೂರಿ, ತಳದಿಂದ ಉಸಿರೆತ್ತಿ ಕರೆದೆ.

"ಮಾಮಾ!"

ಮಾಮಾ ತಿರುಗಿದರು. ನನ್ನನ್ನು ನೋಡಿದರು, ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ನೆಲಕ್ಕಿಟ್ಟರು.

"ಯಾಕ ಹಂಗ ಒದರತೀ?" ಎಂದು ಆ ಕೊನೆಯಿಂದ ಗದರಿದರು. "ನಾ ಏನ ಕಿವುಡ ಇದ್ದೀನೇನು?"

ದಗಡೂ ಇನ್ನೂ ಅವರಿಂದ ಹತ್ತು ಹೆಜ್ಜೆ ದೂರದಲ್ಲಿದ್ದ, ಎರಡೂ ಕೈಯಲ್ಲಿ ಪೇಡೆ ಹಿಡಿದುಕೊಂಡು.